ತಾಳ ತಪ್ಪಿಸಿ ನಡೆಯುವ ವಿದ್ಯೆ: ‘ಡ್ಯೂನ್’ ಓದಿದ ಒಂದು ಸಿಂಥಸೈಸರ್

ಫ್ರಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ ಕಾದಂಬರಿಯಲ್ಲಿ ಮರಳಿನ ಮೇಲೆ ನಡೆಯುವುದೇ ಒಂದು ವಿದ್ಯೆ. ಅರಾಕಿಸ್ ಎಂಬ ಗ್ರಹದ ಮರುಭೂಮಿಯ ಒಡಲಲ್ಲಿ ದೈತ್ಯ ಹುಳುಗಳು ಓಡಾಡುತ್ತವೆ. ನೆಲದ ಮೇಲೆ ಸಮನಾದ ಲಯದಲ್ಲಿ ಏನೇ ಬಡಿದರೂ ಅವು ಆ ದಿಕ್ಕಿಗೆ ನುಗ್ಗಿ ಬರುತ್ತವೆ. ಅದಕ್ಕೇ ಅಲ್ಲಿನ ಫ್ರೆಮೆನ್ ಜನ ಬೇಕೆಂದೇ ತಾಳ ತಪ್ಪಿಸಿ ನಡೆಯುತ್ತಾರೆ. ಒಂದು ಹೆಜ್ಜೆ, ಒಂದು ಎಳೆತ, ಒಂದು ನಿಲುಗಡೆ. ಕೇಳುವವರಿಗೆ ಗಾಳಿಗೆ ಮರಳು ಜರುಗಿದ ಹಾಗಿರಬೇಕು. ಹುಳುವನ್ನು ಕರೆಯಬೇಕಾದಾಗ ಮಾತ್ರ ‘ಥಂಪರ್’ ಎಂಬ ಸಾಧನವನ್ನು ಮರಳಿನಲ್ಲಿ ನೆಡುತ್ತಾರೆ. ಅದು ಒಂದೇ ಸಮ ಧಪ್ ಧಪ್ ಎಂದು ಬಡಿಯುತ್ತದೆ, ಹುಳು ಬರುತ್ತದೆ. ಈ ಲೋಕದಲ್ಲಿ ಲಯವೆಂದರೆ ಸಾವಿಗೆ ಕೊಟ್ಟ ಕರೆ, ಲಯವಿಲ್ಲದ ಸದ್ದೇ ಬದುಕು.

ಸಂಗೀತದ ಬಗ್ಗೆ ಯೋಚಿಸುವವರು ಈ ಪುಟಗಳನ್ನು ಸುಮ್ಮನೆ ದಾಟಿ ಹೋಗಲಾರರು. ತಾಳ ಕೂಡಿದರೆ ಸಂಗೀತ, ತಪ್ಪಿದರೆ ಬರೀ ಸದ್ದು ಎಂದು ನಾವು ನಂಬಿಕೊಂಡಿದ್ದೇವೆ. ಹರ್ಬರ್ಟ್ ಅದನ್ನು ತಿರುವುಮುರುವು ಮಾಡುತ್ತಾನೆ. ಹಾಗಾದರೆ ಈ ಕಾದಂಬರಿಯನ್ನು ಸಂಗೀತವಾಗಿಸಲು ಹೊರಟವನು ಏನು ಮಾಡಬೇಕು? ಥಂಪರ್ ನೆಡಬೇಕೇ ಅಥವಾ ತಾಳ ತಪ್ಪಿಸಿ ನಡೆಯಬೇಕೇ? 1978ರಲ್ಲಿ ಫ್ರಾನ್ಸಿನಲ್ಲಿ ಬಿಡುಗಡೆಯಾದ ‘ಕ್ರೊನೊಲೀಸ್’ ಎಂಬ ಧ್ವನಿಮುದ್ರಿಕೆ ಇವತ್ತಿಗೂ ಕೇಳಬೇಕಾದದ್ದು ಅನ್ನಿಸುವುದು ಈ ಪ್ರಶ್ನೆಯಿಂದಾಗಿ. ಅದು ಮೊದಲ ಬದಿಯಲ್ಲಿ ಒಂದು ಉತ್ತರ ಕೊಡುತ್ತದೆ, ಎರಡನೆಯ ಬದಿಯಲ್ಲಿ ಇನ್ನೊಂದು. ಎರಡೂ ಪೂರ್ತಿ ಹೊಂದಿಕೊಳ್ಳುವುದಿಲ್ಲ.

ಇದನ್ನು ಮಾಡಿದವರು ರಿಷಾರ್ ಪಿನಾಸ್. ಪ್ಯಾರಿಸ್ಸಿನ ಗಿಟಾರ್ ವಾದಕ, ತತ್ವಶಾಸ್ತ್ರದ ವಿದ್ಯಾರ್ಥಿ. ವಿನ್ಸೆನ್‌ನಲ್ಲಿ ನಡೆಯುತ್ತಿದ್ದ ಜೀಲ್ ಡೆಲ್ಯೂಜ್‌ನ ಪಾಠಗಳಿಗೆ ತಪ್ಪದೆ ಹೋಗುತ್ತಿದ್ದವರು. ಆ ಪಾಠಗಳ ಲಿಖಿತ ರೂಪ ಇವತ್ತು ಎಲ್ಲರಿಗೂ ಸಿಗುವಂತಾಗಿದ್ದರ ಹಿಂದೆ ಪಿನಾಸ್ ಅವರ ದುಡಿಮೆಯೂ ಇದೆ. 1972ರಲ್ಲಿ ಅವರ ‘ಸ್ಕಿಜೊ’ ತಂಡ ಹೊರತಂದ ಪುಟ್ಟ ಮುದ್ರಿಕೆಯೊಂದರಲ್ಲಿ ಡೆಲ್ಯೂಜ್ ಸ್ವತಃ ನೀತ್ಸೆಯ ಬರಹವೊಂದನ್ನು ಓದಿದ್ದಾನೆ, ಹಿಂದೆ ರಾಕ್ ವಾದ್ಯಗಳು ಮೊರೆಯುತ್ತಿರುತ್ತವೆ. ಆಮೇಲೆ ಪಿನಾಸ್ ಕಟ್ಟಿದ ತಂಡದ ಹೆಸರು ‘ಹೆಲ್ಡನ್’. ಅದರ ಮೊದಲ ಮುದ್ರಿಕೆ ‘ಎಲೆಕ್ಟ್ರೊನಿಕ್ ಗೆರಿಯಾ’ 1974ರಲ್ಲಿ, ಅವರೇ ಶುರುಮಾಡಿದ ‘ಡಿಸ್‌ಜಂಕ್ಟಾ’ ಎಂಬ ಸ್ವತಂತ್ರ ಕಂಪನಿಯಿಂದ ಬಂತು. 1968ರ ಮೇ ದಂಗೆ ಆರಿದ ಮೇಲೆ ಉಳಿದ ಬಿಸಿ ಆ ಹೆಸರುಗಳಲ್ಲೇ ಇದೆ.

ಆ ಕಾಲದ ಪ್ಯಾರಿಸ್ಸಿಗೆ ‘ಡ್ಯೂನ್’ ಹೇಗೆ ಹಿಡಿಸಿತು ಎಂಬುದೂ ಒಂದು ಕತೆ. ಅಮೆರಿಕದಲ್ಲಿ 1965ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ 1970ರಲ್ಲಿ ಮಿಶೆಲ್ ದೆಮ್ಯೂತ್ ಅವರ ಅನುವಾದದಲ್ಲಿ ಫ್ರೆಂಚಿಗೆ ಬಂತು. ಕೆಲವೇ ವರ್ಷಗಳಲ್ಲಿ ಅಲೆಹಾಂಡ್ರೊ ಹೊಡೊರೊವ್‌ಸ್ಕಿ ಪ್ಯಾರಿಸ್ಸಿನಲ್ಲಿ ಕೂತು ಅದನ್ನು ಸಿನಿಮಾ ಮಾಡಲು ಹೊರಟ. ಮೋಬಿಯಸ್ ಚಿತ್ರ ಬರೆದ, ಎಚ್. ಆರ್. ಗೀಗರ್ ಕೋಟೆಗಳನ್ನು ಕಲ್ಪಿಸಿದ, ಸಂಗೀತಕ್ಕೆ ಪಿಂಕ್ ಫ್ಲಾಯ್ಡ್ ಮತ್ತು ಫ್ರಾನ್ಸಿನದೇ ಆದ ‘ಮಾಗ್ಮಾ’ ತಂಡ ಎಂದಾಯಿತು. ದುಡ್ಡು ಹುಟ್ಟಲಿಲ್ಲ, ಸಿನಿಮಾ ಆಗಲಿಲ್ಲ. ತೆರೆಯ ಮೇಲೆ ಬಾರದ ಆ ಮರುಭೂಮಿ ಧ್ವನಿಮುದ್ರಿಕೆಗಳಲ್ಲಿ ಬಂತು. ಪಿನಾಸ್ ‘ಕ್ರೊನೊಲೀಸ್’ ಅನ್ನು ಮುದ್ರಿಸಿದ್ದು 1976ರಲ್ಲಿ. 1979ರಲ್ಲಿ ಬರ್ನಾರ್ ಶೈನರ್ ‘ಝಡ್’ ಎಂಬ ಹೆಸರಿನಲ್ಲಿ ‘ವಿಷನ್ಸ್ ಆಫ್ ಡ್ಯೂನ್’ ತಂದರು. ಅದೇ ವರ್ಷ ಜರ್ಮನಿಯಲ್ಲಿ ಕ್ಲಾಸ್ ಶುಲ್ಸೆ ‘ಡ್ಯೂನ್’ ಎಂದೇ ಹೆಸರಿಟ್ಟು ಒಂದು ಮುದ್ರಿಕೆ ಮಾಡಿದರು. ಮೂವರೂ ಕೈಗೆತ್ತಿಕೊಂಡಿದ್ದು ಸಿಂಥಸೈಸರನ್ನೇ.

ಇಲ್ಲೇ ಮೊದಲ ತೊಡಕು. ಹರ್ಬರ್ಟ್‌ನ ಲೋಕದಲ್ಲಿ ಯೋಚಿಸುವ ಯಂತ್ರಗಳಿಗೆ ಬಹಿಷ್ಕಾರವಿದೆ. ಕತೆ ಶುರುವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯರು ‘ಬಟ್ಲೇರಿಯನ್ ಜಿಹಾದ್’ ಎಂಬ ಮಹಾದಂಗೆಯಲ್ಲಿ ಕಂಪ್ಯೂಟರುಗಳನ್ನೆಲ್ಲ ಒಡೆದು ಹಾಕಿದ್ದಾರೆ. ಲೆಕ್ಕ ಮಾಡಲು ತರಬೇತಾದ ಮನುಷ್ಯರೇ ಇದ್ದಾರೆ. ಅಲ್ಲಿನ ಹಾಡುಗಾರ ಗರ್ನಿ ಹ್ಯಾಲೆಕ್ ಮೀಟುವುದು ತಂತಿವಾದ್ಯ. ಇಂಥ ಲೋಕಕ್ಕೆ ಸ್ವರಗಳ ಸಾಲನ್ನು ತಾನೇ ನೆನಪಿಟ್ಟುಕೊಂಡು ದಣಿಯದೆ ನುಡಿಸುವ ಯಂತ್ರದಿಂದ ಸಂಗೀತ ಕಟ್ಟುವುದೆಂದರೆ ಕಾದಂಬರಿಗೆ ಅಪಚಾರವಲ್ಲವೇ? ಶುಲ್ಸೆಗೆ ಈ ಪ್ರಶ್ನೆ ಕಾಡಿದ ಹಾಗೆ ಕೇಳುವುದಿಲ್ಲ. ಅವರ ಸಂಗೀತಕ್ಕೆ ‘ಡ್ಯೂನ್’ ಒಂದು ವಿಶಾಲ ಭೂದೃಶ್ಯ, ಅಷ್ಟು ಸಾಕು. ಪಿನಾಸ್‌ರಲ್ಲಿ ಮಾತ್ರ ಯಂತ್ರವೇ ವಾದದ ಒಂದು ಭಾಗವಾಗುತ್ತದೆ.

ಮುದ್ರಿಕೆಯ ಮೊದಲ ಬದಿಯಲ್ಲಿ ‘ಬೆನೆ ಗೆಸರಿಟ್’ ವಸ್ತುವಿನ ಮೇಲೆ ಏಳು ಪರಿವರ್ತನೆಗಳಿವೆ. ಮೂಗ್ ಸಿಂಥಸೈಸರಿಗೆ ಜೋಡಿಸಿದ ಸೀಕ್ವೆನ್ಸರ್ ಇಲ್ಲಿನ ಮುಖ್ಯ ವಾದ್ಯ. ಅದರ ಕೆಲಸ ಸರಳ. ಸಾಲಾಗಿ ಗುಂಡಿಗಳಿರುತ್ತವೆ, ಒಂದೊಂದು ಗುಂಡಿಗೂ ಒಂದೊಂದು ವೋಲ್ಟೇಜ್ ಕೊಟ್ಟಿರುತ್ತಾರೆ. ಯಂತ್ರ ಒಂದರಿಂದ ಎಂಟರವರೆಗೆ ಹೆಜ್ಜೆ ಹಾಕಿ, ಮತ್ತೆ ಒಂದಕ್ಕೆ ಮರಳುತ್ತದೆ. ವೋಲ್ಟೇಜ್ ಬದಲಾದಂತೆ ಸ್ವರ ಬದಲಾಗುತ್ತದೆ. ವಾದಕ ಫಿಲ್ಟರಿನ ಗುಂಡಿಯನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಅದೇ ಸ್ವರಸಾಲು ಒಮ್ಮೆ ಮುಚ್ಚಿದ ಬಾಗಿಲಾಚೆ ಗೊಣಗಿದಂತೆ, ಇನ್ನೊಮ್ಮೆ ಕಿವಿಯ ಹತ್ತಿರ ತಗಡು ಗೀರಿದಂತೆ ಕೇಳುತ್ತದೆ. ಸ್ವರ ಅದೇ, ಮೈಬಣ್ಣ ಬೇರೆ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲಿ ಸಂಗತಿಗಳ ನೆನಪಾಗುವುದು ಸಹಜ. ಕೃತಿಯ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾ ಪ್ರತಿ ಸಲವೂ ಸ್ವಲ್ಪ ಬೆಳೆಸುವುದು ಸಂಗತಿ. ಆದರೆ ಅಲ್ಲಿ ಸಾಲು ಬೆಳೆಯುವುದು ಹಾಡುವವರ ಉಸಿರಿನಿಂದ, ಕೊನೆಗೊಂದು ತುದಿ ಮುಟ್ಟಿದ ತೃಪ್ತಿಯೂ ಇರುತ್ತದೆ. ಪಿನಾಸ್‌ರ ಏಳು ತುಣುಕುಗಳಲ್ಲಿ ಆ ತೃಪ್ತಿಯಿಲ್ಲ. ಯಂತ್ರಕ್ಕೆ ತುದಿ ಎಂಬುದು ಗೊತ್ತಿಲ್ಲ, ಅದು ಮರಳುತ್ತಲೇ ಇರುತ್ತದೆ. ತುಣುಕುಗಳು ಮುಗಿಯುವುದು ತಲುಪಬೇಕಾದಲ್ಲಿಗೆ ತಲುಪಿದ್ದರಿಂದಲ್ಲ, ಯಾರೋ ನಿಲ್ಲಿಸಿದ್ದರಿಂದ.

ಇದಕ್ಕೆ ‘ಬೆನೆ ಗೆಸರಿಟ್’ ಎಂದೇ ಹೆಸರಿಟ್ಟಿದ್ದೇಕೆ ಎಂದು ಯೋಚಿಸಿದರೆ ಅಪಚಾರದ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಬೆನೆ ಗೆಸರಿಟ್ ಒಂದು ಸ್ತ್ರೀ ಸಂಘ. ತಲೆಮಾರುಗಳ ಉದ್ದಕ್ಕೂ ಯಾರಿಗೆ ಯಾರು ಮಕ್ಕಳಾಗಬೇಕೆಂದು ಲೆಕ್ಕ ಹಾಕಿ, ಒಬ್ಬ ಅತಿಮಾನವನನ್ನು ಹುಟ್ಟಿಸಲು ಕಾದಿರುವ ಸಂಘ. ಅಂದರೆ ರಕ್ತವನ್ನೇ ಸೀಕ್ವೆನ್ಸರ್ ಮಾಡಿಕೊಂಡವರು. ಒಂದು ಸಾಲು, ಮತ್ತೆ ಅದೇ ಸಾಲು, ಸಣ್ಣದೊಂದು ತಿದ್ದುಪಡಿ, ಮತ್ತೆ ಅದೇ ಸಾಲು. ಯೋಚಿಸುವ ಯಂತ್ರಗಳನ್ನು ಒಡೆದು ಹಾಕಿದ ಲೋಕ ಮನುಷ್ಯರನ್ನೇ ಯಂತ್ರದ ಬಿಡಿಭಾಗ ಮಾಡಿಕೊಂಡಿದೆ ಎಂಬುದು ಹರ್ಬರ್ಟ್‌ನ ಕಾದಂಬರಿಯ ಒಳಗಿನ ವ್ಯಂಗ್ಯ. ಪಿನಾಸ್‌ರ ಮೂಗ್ ಆ ವ್ಯಂಗ್ಯವನ್ನು ಕಿವಿಗೆ ಮುಟ್ಟಿಸುತ್ತದೆ. ಒಂದು ಮಾತೂ ಇಲ್ಲದೆ ಕಾದಂಬರಿಯ ಬಗ್ಗೆ ವಿಮರ್ಶೆ ಬರೆಯಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಸಂಘದವರಿಗೆ ಇನ್ನೊಂದು ವಿದ್ಯೆಯಿದೆ: ‘ದ ವಾಯ್ಸ್’. ಎದುರಿಗಿರುವವರ ಸ್ವಭಾವಕ್ಕೆ ತಕ್ಕಂತೆ ದನಿಯ ಏರಿಳಿತವನ್ನು ಹೊಂದಿಸಿ ಆಜ್ಞೆ ಮಾಡಿದರೆ ಕೇಳಿದವರು ಪಾಲಿಸಲೇಬೇಕು. ಮಾತಿನ ಅರ್ಥಕ್ಕಿಂತ ಮೊದಲೇ ಅದರ ನಾದ ಮೈಗೆ ನಾಟುತ್ತದೆ. ‘ಡ್ಯೂನ್’ನಲ್ಲಿ ಸದ್ದು ಎಂದೂ ಅಲಂಕಾರವಲ್ಲ, ಅಧಿಕಾರ. ಫ್ರೆಂಚ್ ಅರ್ಥಶಾಸ್ತ್ರಜ್ಞ ಝಾಕ್ ಅಟಾಲಿ 1977ರಲ್ಲಿ ಬರೆದ ಗದ್ದಲದ ಕುರಿತ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಮಾತಿದೆ. ಗದ್ದಲವನ್ನು ಒಂದು ಕ್ರಮಕ್ಕೆ ತರುವುದೇ ಸಂಗೀತ, ಯಾವ ಸದ್ದನ್ನು ಸಂಗೀತವೆಂದು ಒಪ್ಪಬೇಕು, ಯಾವುದನ್ನು ಗದ್ದಲವೆಂದು ಹೊರಗಿಡಬೇಕು ಎಂದು ತೀರ್ಮಾನಿಸುವುದು ಆಳುವವರ ಕೆಲಸ ಎಂಬುದು ಅವನ ವಾದದ ತಿರುಳು. ಇಟಲಿಯ ಲುಯಿಜಿ ರುಸೊಲೊ 1913ರಲ್ಲೇ ಕಾರ್ಖಾನೆ, ರೈಲು, ಪೇಟೆಗಳ ಸದ್ದನ್ನು ಸಂಗೀತಕ್ಕೆ ಸೇರಿಸಿಕೊಳ್ಳಬೇಕೆಂದು ಸಾರಿದ್ದ. ರುಸೊಲೊಗೆ ಅದು ಹೊಸ ಸ್ವರಗಳ ಹಸಿವು. ಅಟಾಲಿಗೆ ಅದು ರಾಜಕೀಯ. ಪಿನಾಸ್ ನಿಂತಿರುವುದು ಈ ಎರಡರ ನಡುವೆ.

ಕನ್ನಡದಲ್ಲಿ ನಮಗೆ ಇದಕ್ಕೆ ಎಷ್ಟೊಂದು ಪದಗಳಿವೆ: ಸದ್ದು, ಶಬ್ದ, ನಾದ, ದನಿ, ಗದ್ದಲ, ಗಲಾಟೆ. ‘ನಾದ’ ಎಂದರೆ ಕೈ ಮುಗಿಯುತ್ತೇವೆ, ‘ಗದ್ದಲ’ ಎಂದರೆ ಕಿಟಕಿ ಮುಚ್ಚುತ್ತೇವೆ. ‘ನಾಯ್ಸ್ ಮ್ಯೂಸಿಕ್’ ಎಂಬ ಪ್ರಕಾರ ಮಾಡುವುದೆಲ್ಲ ಈ ಎರಡು ಪದಗಳ ನಡುವಿನ ಗೆರೆಯ ಮೇಲೆ ನಿಂತು, ಇದನ್ನು ಎಳೆದವರು ಯಾರು ಎಂದು ಕೇಳುವುದು. ತಂಬೂರಿಯ ಝೇಂಕಾರದಲ್ಲಿ ಸ್ವರದ ಜೊತೆಗೇ ತಂತಿ ಕುದುರೆಗೆ ತಾಗುವ ಝರ್ ಎಂಬ ಸದ್ದು ಬೇಕೇ ಬೇಕು. ಅದಕ್ಕಾಗಿಯೇ ಜೀವಾಳ ಎಂದು ದಾರದ ಎಳೆ ಇಟ್ಟು ಹದ ಮಾಡುತ್ತೇವೆ. ಶುದ್ಧ ನಾದದ ಒಳಗೂ ಒಂದಿಷ್ಟು ಗದ್ದಲಕ್ಕೆ ಜಾಗ ಕೊಟ್ಟವರು ನಾವು. ಹಾಗಾಗಿ ಈ ಪ್ರಶ್ನೆ ನಮಗೆ ತೀರಾ ಪರಕೀಯವೇನಲ್ಲ.

ಮೊದಲ ಬದಿಯ ಕೊನೆಯ ತುಣುಕಿಗೆ ಡಂಕನ್ ಐಡಾಹೊ ಎಂಬ ಪಾತ್ರದ ಹೆಸರಿದೆ. ಆತ ಮೊದಲ ಕಾದಂಬರಿಯಲ್ಲಿ ಸಾಯುವ ನಿಷ್ಠಾವಂತ ಯೋಧ. 1969ರಲ್ಲಿ ಬಂದ ಎರಡನೆಯ ಕಾದಂಬರಿಯಲ್ಲಿ ಅವನ ಹೆಣದಿಂದ ಮರುಸೃಷ್ಟಿಸಿದ ದೇಹವಾಗಿ ಹಿಂತಿರುಗುತ್ತಾನೆ. ಪಿನಾಸ್ ಈ ಮುದ್ರಿಕೆ ಮಾಡಿ ಐದು ವರ್ಷಗಳ ನಂತರ, 1981ರಲ್ಲಿ, ಹರ್ಬರ್ಟ್ ನಾಲ್ಕನೆಯ ಕಾದಂಬರಿ ಬರೆದ. ಅದರಲ್ಲಿ ಒಬ್ಬ ಡಂಕನ್ ಸತ್ತರೆ ಇನ್ನೊಬ್ಬ ಡಂಕನ್ ತಯಾರಾಗುತ್ತಾನೆ. ಸೀಕ್ವೆನ್ಸರಿನಂತೆ ಮರಳಿ ಮರಳಿ ಬರುವ ಮನುಷ್ಯ. ಮರಳುವುದೆಲ್ಲ ಬೇರೆಯಾಗಿಯೇ ಮರಳುತ್ತದೆ ಎಂದು ವಾದಿಸಿದ ಡೆಲ್ಯೂಜ್‌ನ ಶಿಷ್ಯ ಈ ಪಾತ್ರದ ಹೆಸರನ್ನೇ ಆರಿಸಿಕೊಂಡಿದ್ದು ಸರಿಯಾಗಿಯೇ ಇದೆ.

ಎರಡನೆಯ ಬದಿಗೆ ತಿರುಗಿಸಿದರೆ ಇಡೀ ಬದಿಗೆ ಒಂದೇ ಕೃತಿ: ‘ಪೌಲ್ ಅಟ್ರೈಡೀಸ್’, ಸುಮಾರು 30 ನಿಮಿಷ. ಮೊದಲ ಬದಿಯ ಬಿಗಿ ಇಲ್ಲಿ ಸಡಿಲಾಗುತ್ತದೆ. ಸಿಂಥಸೈಸರಿನ ನಿಧಾನ ಅಲೆಗಳು, ಅವುಗಳ ಮೇಲೆ ವಿಕೃತಗೊಳಿಸಿ ಉದ್ದಕ್ಕೆ ಎಳೆದ ಗಿಟಾರ್. ಜೊತೆಗೆ ದಿದಿಯೆ ಬತಾರ್ ಅವರ ಬಾಸ್, ಫ್ರಾಂಸ್ವಾ ಓಜೆ ಅವರ ಡ್ರಮ್ಸ್. ಇಂಗ್ಲೆಂಡಿನ ರಾಬರ್ಟ್ ಫ್ರಿಪ್‌ನ ಗಿಟಾರಿನ ಋಣ ಎದ್ದು ಕಾಣುತ್ತದೆ, ಪಿನಾಸ್ ಅದನ್ನು ಎಂದೂ ಮುಚ್ಚಿಟ್ಟವರಲ್ಲ. ಪೌಲ್ ಕಾದಂಬರಿಯ ನಾಯಕ. ಬೆನೆ ಗೆಸರಿಟ್‌ನ ಲೆಕ್ಕ ತಪ್ಪಿ ಒಂದು ತಲೆಮಾರು ಮೊದಲೇ ಹುಟ್ಟಿದ ಅತಿಮಾನವ, ಫ್ರೆಮೆನ್ನರ ಪ್ರವಾದಿ.

ನನ್ನ ತಕರಾರು ಈ ಕೃತಿಯ ಬಗ್ಗೆ. ಹರ್ಬರ್ಟ್ ‘ಡ್ಯೂನ್’ ಬರೆದದ್ದು ಜನ ತಮ್ಮ ವಿವೇಕವನ್ನು ವರ್ಚಸ್ವೀ ನಾಯಕರ ಕೈಗೆ ಒಪ್ಪಿಸಬಾರದು ಎಂದು ಎಚ್ಚರಿಸಲು. ಇದನ್ನು ಅವನೇ ಹಲವು ಸಲ ಹೇಳಿದ್ದಾನೆ. ಮೊದಲ ಕಾದಂಬರಿ ಓದಿದವರು ಪೌಲ್‌ನನ್ನು ಗೆದ್ದ ವೀರನೆಂದೇ ಭಾವಿಸುವ ಅಪಾಯವಿತ್ತು. ಎರಡನೆಯ ಕಾದಂಬರಿ ಆ ಭ್ರಮೆಯನ್ನು ಒಡೆಯುತ್ತದೆ. ಅಲ್ಲಿ ಪೌಲ್ ತನ್ನ ಹೆಸರಿನಲ್ಲಿ ನಡೆದ ಧರ್ಮಯುದ್ಧದ ಲೆಕ್ಕ ಕೊಡುತ್ತಾನೆ: ಸತ್ತವರು 6100 ಕೋಟಿ. ತನ್ನನ್ನು ಚೆಂಗಿಸ್ ಖಾನ್ ಮತ್ತು ಹಿಟ್ಲರ್ ಜೊತೆ ಹೋಲಿಸಿಕೊಳ್ಳುತ್ತಾನೆ. ಪೌಲ್‌ನ ಹೆಸರಿನಲ್ಲಿ ಸಂಗೀತ ಕಟ್ಟುವ ಯಾರೇ ಆದರೂ ಆ ಲೆಕ್ಕಕ್ಕೆ ಉತ್ತರಿಸಬೇಕಾಗುತ್ತದೆ.

ಪಿನಾಸ್‌ಗೆ ಇದು ಗೊತ್ತಿಲ್ಲದ ವಿಷಯವಲ್ಲ. ತಂಡಕ್ಕೆ ಅವರಿಟ್ಟ ‘ಹೆಲ್ಡನ್’ ಎಂಬ ಹೆಸರೇ ಸಾಕ್ಷಿ. ಅದು ಬಂದಿದ್ದು ನಾರ್ಮನ್ ಸ್ಪಿನ್‌ರಾಡ್‌ನ 1972ರ ಕಾದಂಬರಿ ‘ದಿ ಐರನ್ ಡ್ರೀಮ್’ನಿಂದ. ಹಿಟ್ಲರ್ ರಾಜಕಾರಣಕ್ಕೆ ಇಳಿಯದೆ ಅಮೆರಿಕಕ್ಕೆ ವಲಸೆ ಹೋಗಿ ಅಗ್ಗದ ವಿಜ್ಞಾನ ಕಾದಂಬರಿಕಾರನಾಗಿದ್ದರೆ ಎಂಬುದು ಅದರ ಕಲ್ಪನೆ. ಪುಸ್ತಕದ ಬಹುಪಾಲು ಹಿಟ್ಲರ್ ಬರೆದನೆನ್ನಲಾದ ಕಾದಂಬರಿಯೇ. ಅದರೊಳಗಿನ ‘ಶುದ್ಧ’ ಮನುಷ್ಯರ ದೇಶದ ಹೆಸರು ಹೆಲ್ಡನ್. ವೀರ, ಶುದ್ಧರಕ್ತ, ಮಹಾಸಮರ ಎಂದು ರೋಮಾಂಚನ ಹುಟ್ಟಿಸುವ ವಿಜ್ಞಾನ ಕತೆಗಳ ಹೊಟ್ಟೆಯಲ್ಲಿ ಏನಿದೆ ನೋಡಿ ಎಂದು ಸ್ಪಿನ್‌ರಾಡ್ ಓದುಗರಿಗೆ ಒಡ್ಡಿದ ಕನ್ನಡಿ ಅದು. ಆ ಹೆಸರನ್ನು ಹಣೆಗೆ ಬರೆದುಕೊಂಡವರು ವೀರಾರಾಧನೆಯ ವಿಷವನ್ನು ಬಲ್ಲವರೇ ಸರಿ.

ಬಲ್ಲವರಾದರೂ ಗಿಟಾರ್ ಅವರ ಮಾತು ಪೂರ್ತಿ ಕೇಳುವುದಿಲ್ಲ. ಅಲೆಗಳ ಮೇಲೆ ಒಂಟಿಯಾಗಿ ಏರಿ ನಿಲ್ಲುವ ವಿದ್ಯುತ್ ಗಿಟಾರಿಗೆ ರಾಕ್ ಸಂಗೀತ ಕೊಟ್ಟ ಅರ್ಥವೊಂದಿದೆ: ಎಲ್ಲರಿಗಿಂತ ಎತ್ತರದಲ್ಲಿ ನಿಂತ ಒಬ್ಬ. ‘ಪೌಲ್ ಅಟ್ರೈಡೀಸ್’ನ ಹಲವು ನಿಮಿಷಗಳಲ್ಲಿ ಕೇಳುವುದು ಆ ಒಬ್ಬನೇ. ಬೆನೆ ಗೆಸರಿಟ್‌ನ ಯಂತ್ರವನ್ನು ಅಷ್ಟು ನಿರ್ದಯವಾಗಿ ಬಯಲಿಗೆಳೆದ ಮುದ್ರಿಕೆ, ಅದೇ ಯಂತ್ರ ಹೆತ್ತ ನಾಯಕನ ಮುಂದೆ ಸ್ವಲ್ಪ ಮೆತ್ತಗಾಗುತ್ತದೆ. ಹಾಗೆಂದು ಸೋತಿತು ಎನ್ನಲಾರೆ. ಈ ಕೃತಿಯ ಉದ್ದವೇ ಅದನ್ನು ಕಾಪಾಡಿದೆ. ಅರ್ಧ ತಾಸು ಗೆಲುವಿನ ಕಡೆಗೆ ನಡೆದರೂ ಗೆಲುವಿನ ಕಹಳೆ ಮೊಳಗುವುದಿಲ್ಲ. ಡ್ರಮ್ಸ್ ಇದ್ದರೂ ಅದು ಸೈನ್ಯದ ನಡಿಗೆಯಾಗುವುದಿಲ್ಲ. ನಾವು ವೀರನಿಗಾಗಿ ಕಾಯುತ್ತಾ ಕೂತಿದ್ದೇವೆ, ಕಾಯುವುದು ನಮಗೆ ಹಿತವಾಗುತ್ತಿದೆ ಎಂಬುದು ಅರಿವಿಗೆ ಬಂದಾಗ ಆಗುವ ಇರಿಸುಮುರಿಸು, ಅದೇ ಈ ಕೃತಿಯ ನಿಜವಾದ ಗಳಿಕೆ.

ಶೈನರ್ ಅವರ ‘ವಿಷನ್ಸ್ ಆಫ್ ಡ್ಯೂನ್’ ಜೊತೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟ. ಶೈನರ್ ಮೂಲತಃ ಬೆಳಕಿನ ಕಲಾವಿದ. ಮಾಗ್ಮಾ ತಂಡದ ಕಛೇರಿಗಳಿಗೆ ಲೇಸರ್ ದೃಶ್ಯ ಕಟ್ಟುತ್ತಿದ್ದವರು, ಲೇಸರ್ ಕಿರಣಗಳನ್ನೇ ತಂತಿಯಂತೆ ಮುಟ್ಟಿ ನುಡಿಸುವ ವಾದ್ಯವನ್ನು ಕಂಡುಹಿಡಿದವರು. ಅವರ ತುಣುಕುಗಳು ಚಿಕ್ಕವು. ಒಬ್ಬ ಪಾತ್ರ, ಒಂದು ಪಂಗಡ, ಒಂದು ಆಯುಧ ಎಂದು ಹೆಸರು ಹೊತ್ತ ಚಿತ್ರಪಟಗಳು. ಅಲ್ಲಿ ಪೌಲ್‌ಗೆ ಅರ್ಧ ಮುದ್ರಿಕೆಯ ಸಿಂಹಾಸನವಿಲ್ಲ. ಸೈನಿಕರು, ಲೆಕ್ಕಿಗ, ಮರುಭೂಮಿ ಎಲ್ಲಕ್ಕೂ ಹೆಚ್ಚೂಕಡಿಮೆ ಸಮಪಾಲು. ಸದ್ದುಗಳು ಹೆಚ್ಚು ಒರಟು, ಹೆಚ್ಚು ವಿಚಿತ್ರ. ನಾಯಕನಿಗೆ ಮರುಳಾಗದ ಓದು ಇದು. ಆದರೆ ಆ ಓದಿಗೆ ಪಿನಾಸ್‌ರ ಓದಿನಷ್ಟು ಆಳವಾದ ವಾದವಿಲ್ಲ. ಒಂದು ಒಳ್ಳೆಯ ಚಿತ್ರಸಂಪುಟದಂತೆ ಪುಟ ತಿರುವಬಹುದು.

ಇವತ್ತಿನ ವಿದ್ಯಾರ್ಥಿಗಳಿಗೆ ‘ಡ್ಯೂನ್’ ಎಂದರೆ ಮೊದಲು ಕಿವಿಗೆ ಬರುವುದು 2021ರ ಸಿನಿಮಾಕ್ಕೆ ಹಾನ್ಸ್ ಝಿಮ್ಮರ್ ಕೊಟ್ಟ ಸಂಗೀತ. ಅಲ್ಲಿಯೂ ವಿಕೃತ ಸದ್ದುಗಳಿವೆ, ಚೀರುವ ಸ್ತ್ರೀಕಂಠಗಳಿವೆ, ಎದೆ ನಡುಗಿಸುವ ಕೆಳಸ್ವರಗಳಿವೆ. ಐವತ್ತು ವರ್ಷ ಹಿಂದೆ ಸಣ್ಣ ಕಂಪನಿಗಳ ಅಂಚಿನ ಪ್ರಯೋಗವಾಗಿದ್ದ ಸದ್ದು ಈಗ ಆಸ್ಕರ್ ಗೆದ್ದು ಮಲ್ಟಿಪ್ಲೆಕ್ಸಿನಲ್ಲಿ ಮೊಳಗುತ್ತದೆ. ಗದ್ದಲ ಅಧಿಕಾರಕ್ಕೆ ಸವಾಲು ಎಂದು ಸುಲಭವಾಗಿ ನಂಬುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಸದ್ದು ಅದ್ಭುತವಾಗಿದೆ, ಹಾಗೆಯೇ ಆಜ್ಞೆ ಮಾಡುತ್ತದೆ. ಕುರ್ಚಿಗೆ ಒತ್ತಿ ಹಿಡಿಯುತ್ತದೆ. ಬೆನೆ ಗೆಸರಿಟ್‌ನ ದನಿಯ ಹಾಗೆ, ಯೋಚಿಸುವ ಮೊದಲೇ ಮೈ ಒಪ್ಪಿಬಿಡುತ್ತದೆ. ಗದ್ದಲವೂ ಥಂಪರ್ ಆಗಬಲ್ಲದು.

ಪಿನಾಸ್ ಮುಂದೆ ನಡೆದ ದಾರಿ ಬೇರೆ. 2008ರಲ್ಲಿ ಅವರು ಜಪಾನಿನ ಮಸಾಮಿ ಅಕಿತಾ ಜೊತೆ ‘ಕೇಯೊ ಲೈನ್’ ಎಂಬ ಜೋಡಿ ಮುದ್ರಿಕೆ ಮಾಡಿದರು. 1979ರಿಂದ ‘ಮೆರ್ಜ್‌ಬೋ’ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿರುವ ಅಕಿತಾ ನಾಯ್ಸ್ ಸಂಗೀತದ ದೊಡ್ಡ ಹೆಸರು. ಆ ಸದ್ದಿನ ಬಿರುಗಾಳಿಯೊಳಗೆ ಪಿನಾಸ್‌ರ ಗಿಟಾರ್ ಇದೆ, ಆದರೆ ಅದು ಈಗ ಎತ್ತರದಲ್ಲಿ ನಿಂತ ಒಬ್ಬನಲ್ಲ. ಮರಳಿನೊಳಗಿನ ಇನ್ನೊಂದು ಮರಳು. ಸೀಕ್ವೆನ್ಸರಿನ ತಾಳವಿಲ್ಲ, ನಾಯಕನಿಲ್ಲ, ಯಾವ ಪಾತ್ರದ ಹೆಸರೂ ಇಲ್ಲ. ‘ಪೌಲ್ ಅಟ್ರೈಡೀಸ್’ ಮುದ್ರಿಸಿ ಮೂವತ್ತು ವರ್ಷಗಳಾದ ಮೇಲೆ, ‘ಡ್ಯೂನ್’ನ ಹೆಸರೆತ್ತದೆಯೇ ಅವರು ಫ್ರೆಮೆನ್ನರ ನಡಿಗೆಯನ್ನು ಕಲಿತರು ಎಂದು ನನಗೆ ಅನ್ನಿಸುತ್ತದೆ.

ಕಾದಂಬರಿ ಓದಿದವರು ಮೊದಲು ಏಳು ಪರಿವರ್ತನೆಗಳನ್ನು ಒಂದೇ ಸಲಕ್ಕೆ ಕೇಳಿ. ಒಂದು ದಿನ ಬಿಟ್ಟು ‘ಪೌಲ್ ಅಟ್ರೈಡೀಸ್’ ಕೇಳಿ. ಕೇಳುವಾಗ ನಿಮ್ಮ ಕಾಲು ಎಲ್ಲಿ ತಾಳ ಹಾಕಲು ಶುರುಮಾಡಿತು, ಮನಸ್ಸು ಎಲ್ಲಿ ಆ ಗಿಟಾರಿನ ಹಿಂದೆ ಹೊರಟಿತು ಎಂದು ಗಮನಿಸಿ. ಹರ್ಬರ್ಟ್‌ನ ಎಚ್ಚರಿಕೆ ಪುಸ್ತಕದಲ್ಲಿ ಅರ್ಥವಾಗುವುದು ಒಂದು ರೀತಿ. ನಮ್ಮದೇ ಕಾಲು ಅದನ್ನು ಮರೆತದ್ದು ಕಂಡಾಗ ಅರ್ಥವಾಗುವುದು ಇನ್ನೊಂದು ರೀತಿ.